ಶನಿವಾರ ಮಾರದ ಪಂಖಾ

ಸಿಂದಗಿಯ ಅಂಗಡಿಯವ ಗ್ರೀಸ್ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಂಡಿ ಪಟ್ಟಣದ ಅಂಗಡಿ ಕಾಕಾ ನೆನಪಾದರು... ನೆನಪಿನ ಬೆನ್ನಿಗೇ ಸಿಟ್ಟೂ ಬಂತು. ಅವರಿದ್ದಿದ್ದರೆ ಒಂದು ದೋಣಿಯ ಪಂಖಾಕ್ಕಾಗಿ ನಾನು ಹೀಗೆ ತಾಲೂಕು ತಾಲೂಕು ಅಲೆಯುತ್ತಿರಲಿಲ್ಲ.

ನಮ್ಮ ಮನೆ ಅಗರಖೇಡದಲ್ಲಿ, ಹೊಲ ಭೀಮಾ ನದಿಯ ಆಚೆ ದಂಡೆಗೆ. ಸೇತುವೆ ಸುತ್ತಿ ಹೋದರೆ ಅರ್ಧ ದಿನ ಹಾಳು ಎಂದು ಎಂಜಿನ್ ಕೂಡಿಸಿದ ಸಣ್ಣ ದೋಣಿ ಇಟ್ಟಿದ್ದೇನೆ. ಕಳೆದ ವಾರ ನಡುಹೊಳೆಯಲ್ಲಿ, ನೀರು ತಳ್ಳುವ ಪಂಖಾದ ಒಂದು ಎಲೆ ಮುರಿಯಿತು. ದೋಣಿಯಲ್ಲಿ ಹೆಂಡತಿ ಇದ್ದಳು, ತೊಗರಿ ಕೊಯ್ಯಲು ಹೊರಟ ಹೆಣ್ಣಾಳುಗಳಿದ್ದರು. ಹುಟ್ಟು ಹಾಕಿ ಹೇಗೋ ದಂಡೆ ಮುಟ್ಟಿದೆವು. “ಇದು ಸರಿ ಆಗೂತನಕ ನಾ ಕಾಲಿಡಂಗಿಲ್ಲ” ಎಂದಳು ಹೆಂಡತಿ. ಅತ್ತ ತೊಗರಿ ಒಣಗಿ ಕಾಯಿ ಸಿಡಿಯತೊಡಗಿತ್ತು.

ಇಂಡಿ ಬಜಾರದ ಅಂಗಡಿಯವರು ಪಂಖಾ ಇಲ್ಲವೆಂದು ಸಿಂದಗಿಗೆ ಕಳಿಸಿದರು. ಸಿಂದಗಿಯವ ಗ್ರೀಸ್ ಕೊಟ್ಟು, “ಪಂಖಾಕ್ಕ ಮುದ್ದೇಬಿಹಾಳಕ್ಕ ಹೋಗ್ರಿ ಸರ, ಅಲ್ಲಿ ಮೀನ ಹಿಡಿಯವ್ರು ಭಾಳ ಅದಾರ” ಎಂದ. ಬಸವನ ಬಾಗೇವಾಡಿಯ ಗೆಳೆಯ ಫೋನಿನಲ್ಲೇ, “ಮೊಬೈಲ್‌ನಾಗ ತರಿಸಪಾ, ಯಾವ ಕಾಲದಾಗ ಅದಿ?” ಎಂದು ಬೈದ. ತರಿಸಬಹುದು. ಪಂಖಾದ ನಡುವಿನ ತೂತು ಸಣ್ಣದಾದರೆ? ದೊಡ್ಡದಾದರೆ? ಸರಿಯಾಗಿಯೇ ಕೂತು, ನಡುಹೊಳೆಗೆ ಹೋದ ಮೇಲೆ ಕಳಚಿದರೆ?

ಕಾಕಾನ ಅಂಗಡಿ ಇಂಡಿ ಬಜಾರದಲ್ಲಿತ್ತು. ಶಾಲೆ ಮಾಸ್ತರನಾದ ನನಗೆ ಶನಿವಾರ ಮಧ್ಯಾಹ್ನವೇ ಬಿಡುವು. ಶನಿವಾರ ಕಬ್ಬಿಣ, ಎಣ್ಣೆ ಕೊಳ್ಳಬಾರದೆಂಬ ನೇಮ ನಮ್ಮ ಕಡೆ ಮನೆಮನೆಯಲ್ಲೂ ಇತ್ತು. ಕಾಕಾ ಮಾರುತ್ತಲೂ ಇರಲಿಲ್ಲ. ಆದರೆ ಅಂಗಡಿ ಮಾತ್ರ ತೆರೆದೇ ಇರುತ್ತಿತ್ತು.

“ಮಾರಂಗಿಲ್ಲಂದ್ರ ಅಂಗಡಿ ಯಾಕ ತಗದೀರಿ?”

“ಮನ್ಯಾಗ ನಿಮ್ಮ ಕಾಕು ಅದಾಳಲ್ರಿ ಮಾಸ್ತರ” ಎಂದು ಹೆಂಡತಿಯ ನೆಪ ಹೇಳುತ್ತಿದ್ದರು.

“ಇದು ಹಿತ್ತಾಳಿ ಪಂಖಾ, ಕಬ್ಬಿಣ ಅಲ್ಲ.”

“ಅದಕ್ಕ ಹಚ್ಚೂ ಬೋಲ್ಟ್ ಏನ್ ಬಂಗಾರದ್ದೇನ್ರಿ?”

ಒಂದು ಚಹಾ ಆದ ಮೇಲೆ ಅವರೇ ಸಾಮಾನು ಚೀಲಕ್ಕೆ ಹಾಕಿ ಕೊಡುತ್ತಿದ್ದರು. “ಒಯ್ದು ಹಚ್ಚಿ ನೋಡ್ರಿ. ವ್ಯಾಪಾರ ಸೋಮವಾರ.” ಹೀಗೆ ಅವರ ನೇಮ ಉಳಿಯುತ್ತಿತ್ತು, ನಾನು ಕೊಳ್ಳುವ ಮೊದಲೇ ಪಂಖಾ ಹೊಳೆ ಕಂಡು ಬರುತ್ತಿತ್ತು. ಎಂಜಿನ್ ನಡುಗುತ್ತದೆ ಎಂದು ಮರಳಿಸಿದರೆ ಮಾತಿಲ್ಲದೆ ಬೇರೆಯದು ಕೊಡುತ್ತಿದ್ದರು... ಮಾತಿಲ್ಲದೆ ಎಂದರೆ ಸುಳ್ಳಾದೀತು. “ಪಂಖಾ ಛಲೋ ಐತಿ, ನಡುಗಾಕತ್ತವ್ರು ನೀವು” ಎಂದು ಗಿರಾಕಿಗಳೆದುರು ಮಾನ ಕಳೆದೇ ಕೊಡುತ್ತಿದ್ದರು. ಆ ನಗೆಯೊಳಗೆ ನನ್ನ ಅರ್ಧ ಹೆದರಿಕೆ ಇಳಿದು ಹೋಗುತ್ತಿತ್ತು. ಅವರು ತೀರಿಕೊಂಡು ವರ್ಷಗಳಾದವು. ಅಂಗಡಿಯಲ್ಲಿ ಈಗ ಮೊಬೈಲ್ ಕವರು ತೂಗುತ್ತವೆ.

ಕೊನೆಗೆ ಮುದ್ದೇಬಿಹಾಳದಲ್ಲೇ ಕೊಂಡೆ. “ಹಚ್ಚಿ ನೋಡಿ ಹೇಳ್ಲೇನ್ರಿ?” ಎಂದು ಕೇಳಿದ್ದಕ್ಕೆ ಅಂಗಡಿಯವ ನನ್ನನ್ನೇ ವಿಚಿತ್ರವಾಗಿ ನೋಡಿದ. ಮರುದಿನ ಬೆಳಿಗ್ಗೆ ಪಂಖಾ ಕೂಡಿಸಿ, ಯಾರನ್ನೂ ಹತ್ತಿಸದೆ ಒಂದು ಸುತ್ತು ಹೊಡೆದೆ. ಎಂಜಿನ್ ಚೂರೂ ನಡುಗಲಿಲ್ಲ. ಅದೇ ಅನುಮಾನವಾಗಿ ಇನ್ನೊಂದು ಸುತ್ತು ಹೊಡೆದೆ. ದಂಡೆಯಿಂದ ಹೆಂಡತಿ, “ಸಾಕ್ ಬರ್ರಿ, ಬಿಸಿಲೇರಾಕತ್ತೈತಿ!” ಎಂದು ಕೂಗಿದಳು. ನಾನು ಮತ್ತೊಂದು ಸುತ್ತಿಗೆ ತಿರುಗಿಸಿದೆ.

ಆ ಸುತ್ತು ಮುಗಿಯುವ ಮೊದಲೇ ಹೆಣ್ಣಾಳುಗಳು ಬುತ್ತಿಗಂಟು ಎತ್ತಿಕೊಂಡು ಟಂಟಂ ಆಟೊ ಹತ್ತಿದ್ದರು. ಹೆಂಡತಿಯೂ ಹತ್ತಿದಳು. ಗಾಡಿ ಸೇತುವೆಯ ದಾರಿ ಹಿಡಿಯಿತು. ಏನೂ ಕೆಡದ ದೋಣಿಯಲ್ಲಿ ನಾನೊಬ್ಬನೇ ಉಳಿದೆ, ನಡುಹೊಳೆಯಲ್ಲಿ... ಪಂಖಾವೇನೋ ಹುಡುಕಿದರೆ ಸಿಕ್ಕಿತು. ನನ್ನನ್ನು ಬೈದು, ನಕ್ಕು, ಹೋಗ್ರಿ ಮಾಸ್ತರ ಏನೂ ಆಗಂಗಿಲ್ಲ ಎನ್ನುವ ಆ ಮನುಷ್ಯ ಈಗ ಯಾವ ತಾಲೂಕಿನಲ್ಲೂ ಸಿಗುವುದಿಲ್ಲ.