ಬಂಬ ಕಾಯದಿದ್ದರೆ ಪ್ಯಾರಿಬಿಯನ್ನು ಕರೆಯಿರಿ

ಗಾಣಗಾಪುರದ ಅರ್ಚಕರ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮಥುರಾಬಾಯಿಯವರ ಹಿತ್ತಲಲ್ಲಿ ಪ್ಯಾರಿಬಿ ಕುಕ್ಕರಗಾಲಲ್ಲಿ ಕೂತು ಸ್ನಾನದ ನೀರು ಕಾಯಿಸುವ ತಾಮ್ರದ ಬಂಬದ ಹೊಟ್ಟೆಗೆ ಅಂಗೈ ಒತ್ತಿ ನೋಡುತ್ತಿದ್ದಾರೆ. ನೀರು ತುಂಬಿ, ನಡುವಿನ ಕೊಳವೆಗೆ ಇದ್ದಲು ಸುರಿದು, ಬೆಂಕಿ ಹಚ್ಚಿ ಅರ್ಧ ಗಂಟೆಯಾಗಿದೆ ಅಷ್ಟೇ. ಚುರ್ ಎನ್ನುತ್ತಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಕಾಯ್ತದಲ್ರೀ ಅವ್ವಾರ! ಹಬಿ ಹೊಂಟದ, ನೀವೇ ನೋಡ್ರಿ. ಇದಕ್ಕೇನು ಧಾಡಿ ಆಗೇದರಿ?"

ಹಿತ್ತಲ ಬಾಗಿಲಲ್ಲಿ ನಿಂತ ಮಥುರಾಬಾಯಿ ಹಣೆ ಹಣೆ ಬಡಿದುಕೊಳ್ಳುತ್ತಾರೆ. ಎಂಟು ದಿನದಲ್ಲಿ ಇದು ಮೂರನೇ ಸಲ. ಹಿತ್ತಲಲ್ಲಿ ಕೊತಕೊತ ಕುದಿಯುವ ಬಂಬ, ಬಚ್ಚಲಮನೆಗೆ ಹೋದ ಕೂಡಲೇ ಮುನಿಸಿಕೊಂಡು ಕೂಡುತ್ತದೆ. ಎರಡು ತಾಸು ಊದಿದರೂ ನೀರು ಉಗುರುಬೆಚ್ಚಗಾಗುವುದಷ್ಟೇ. ಪ್ರತಿ ಸಲವೂ ಮಗ ವಾಮನ ಮತ್ತು ಪಕ್ಕದ ಮನೆಯವರೊಬ್ಬರು ಉಸ್ಸಪ್ಪಾ ಎನ್ನುತ್ತಾ ಅದನ್ನು ಹೊರಗೆ ಹೊತ್ತು ತರಬೇಕು, ಮತ್ತೆ ಒಳಗೆ ಹೊತ್ತು ಒಯ್ಯಬೇಕು.

ಬೇರೆ ದಿನಗಳಾಗಿದ್ದರೆ ಇಷ್ಟು ಗಡಿಬಿಡಿ ಇರುತ್ತಿರಲಿಲ್ಲ. ಆದರೆ ಒಳಗೆ ಬಾಣಂತನಕ್ಕೆ ಬಂದ ಮಗಳು ಸುಲಭಾ ಇದ್ದಾಳೆ. ಅವಳ ಮಗ್ಗುಲಲ್ಲಿ ಹದಿನೆಂಟು ದಿನದ ಕೂಸು. ಹುಟ್ಟಿದಾಗ ಎರಡು ಕಿಲೋಗೂ ಕಡಿಮೆ ಇತ್ತು. ಕೂಸು ತಣ್ಣಗಾಗದ ಹಾಗೆ ನೋಡಿಕೊಳ್ಳಿ ಎಂದು ನರ್ಸಬಾಯಿ ಹೇಳಿ ಹೋದಾಗಿನಿಂದ ಅಜ್ಜಿಯ ಕಣ್ಣಿಗೆ ನಿದ್ದೆಯಿಲ್ಲ. ಸಾವಿರದ ಒಂಬೈನೂರ ಎಂಬತ್ತೇಳರ ಈ ಸಂಕ್ರಾಂತಿಯ ಚಳಿಯಂತೂ ಹಲ್ಲು ಕಟಕಟಿಸುವಂಥದ್ದು. ಹಿತ್ತಲಲ್ಲೇ ನೀರು ಕಾಯಿಸಬಹುದಲ್ಲ ಎಂದರೆ, ಬಾಣಂತಿಯ ನೀರನ್ನು ಹೋಗುವವರು ಬರುವವರು ನೋಡಬಾರದು, ದೃಷ್ಟಿಯಾಗುತ್ತದೆ ಎಂಬ ಹೆದರಿಕೆ.

ಅಫಜಲಪುರ, ಆಳಂದ, ಜೇವರ್ಗಿ, ಈ ಮೂರೂ ತಾಲೂಕುಗಳ ಬಚ್ಚಲಮನೆಗಳ ಸುಖದುಃಖ ಗೊತ್ತಿರುವವರು ಯಾರಾದರೂ ಇದ್ದರೆ ಅದು ಚೌಡಾಪುರದ ಈ ಪ್ಯಾರಿಬಿ. ವಯಸ್ಸು ಐವತ್ತೆರಡು. ಕಡ್ಡಿಯಂಥ ಮೈ, ಎರಡೂ ಕೈ ತುಂಬ ಸುಟ್ಟ ಕಲೆ. ಬಂಬ ರಿಪೇರಿ ಮೊದಲು ಗಂಡ ಖಾದರಸಾಬರ ಕಸುಬಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಅವರ ಕಣ್ಣು ಮಬ್ಬಾಗಿ ಬೆಸುಗೆಯ ಗೆರೆ ಕಾಣದಾದಾಗ, ಪಕ್ಕದಲ್ಲಿ ಕೂತು ತಿದಿ ಒತ್ತುತ್ತಿದ್ದ ಹೆಂಡತಿ ಸುತ್ತಿಗೆ ಕೈಗೆತ್ತಿಕೊಂಡರು.

ಹೆಂಗಸು ಬಂಬ ಬೆಸೆಯುವುದೆಂದರೆ ಆಗ ಊರಿಗೆ ತಮಾಷೆ. ಜೇವರ್ಗಿಯ ಜಗದೇವಪ್ಪ ಎಂಬ ಕಿರಾಣಿ ಅಂಗಡಿಯವರು "ಮನ್ಯಾಗ ಗಂಡಸರು ಯಾರೂ ಇಲ್ಲೇನಬೇ?" ಎಂದು ಕೇಳಿದ್ದರಂತೆ. ಪ್ಯಾರಿಬಿ ಬಿಡುವವರೇ? "ಅದಾರಲ್ರೀ ಸಾವಕಾರ್ರ, ಚಾ ಕುಡಿಯಾಕತ್ತಾರ. ಅವರು ಬರೋತನ ತಣ್ಣೀರು ಮೈಮ್ಯಾಲ ಹಾಕ್ಕೊಂಡು ಕೂಡ್ರಿ" ಎಂದು ಚೀಲ ಹೆಗಲಿಗೇರಿಸಿದರು. ಓಣಿಯ ತುದಿ ಮುಟ್ಟುವಷ್ಟರಲ್ಲಿ ಜಗದೇವಪ್ಪನವರೇ ಹಿಂದೆ ಓಡಿ ಬಂದು ಕರೆದರು. ಈಗ ಅವರ ಮನೆಯ ಮೂರೂ ಬಂಬಗಳು ಪ್ಯಾರಿಬಿಯ ಕೈಯಲ್ಲೇ ಇವೆ.

ಚಳಿಗಾಲದ ನಾಲ್ಕು ತಿಂಗಳು ದಿನಕ್ಕೆ ಎರಡರಿಂದ ಮೂರು ಬಂಬ. ಎದ್ದು ಮೊದಲ ಬಸ್ಸು ಹಿಡಿಯಬೇಕು, ಸಿಗದಿದ್ದರೆ ನಡಿಗೆ. ಚೀಲದಲ್ಲಿ ಸುತ್ತಿಗೆ, ಕತ್ತರಿ, ಬೆಸುಗೆಯ ಸಾಮಾನು, ಸುಣ್ಣ ಕೆರೆಯುವ ಉದ್ದನೆಯ ಸರಳು. ಎಲ್ಲ ಸೇರಿ ಏಳೆಂಟು ಕಿಲೋ ತೂಗುತ್ತದೆ. ಬೋರವೆಲ್ಲಿನ ಗಡಸು ನೀರು ಬಂದ ಮೇಲೆ ಕೆಲಸ ಇನ್ನೂ ಹೆಚ್ಚಿದೆ. ಒಂದೊಂದು ಬಂಬದೊಳಗಿಂದ ಅರ್ಧ ಬುಟ್ಟಿ ಬಿಳಿ ಹೆಕ್ಕಳಿಕೆ ತೆಗೆದಿದ್ದಾರೆ.

"ಹುಣಸಿಹಣ್ಣು ಹಚ್ಚಿ ಹೊರಗ ತಿಕ್ಕೇ ತಿಕ್ತಾರ್ರಿ, ಮಾರಿ ಕಾಣೋವಂಗ," ಎಂದು ನಗುತ್ತಾರೆ. "ಒಳಗ ಕೈ ಹಾಕಿದ್ರ ಸುಣ್ಣದ ಭಟ್ಟಿ! ಆಮ್ಯಾಲ ನೀರು ಕಾಯಂಗಿಲ್ಲಂತ ಬಂಬಕ್ಕ ಬೈತಾರ. ಅದು ಪಾಪ ಏನು ಮಾಡ್ತದ?"

ದಿನವೂ ಸಂಜೆ ಗಂಡ ಹೆಂಡತಿ ಅಂಗಳದಲ್ಲಿ ಕೂಡುತ್ತಾರೆ. ಅಂದಿನ ಬಂಬಗಳ ಬೇನೆ ಏನಿತ್ತೆಂದು ಹೆಂಡತಿ ಹೇಳಬೇಕು, ಕಣ್ಣು ಮುಚ್ಚಿಕೊಂಡು ಕೇಳುವ ಖಾದರಸಾಬರು ಮದ್ದು ಹೇಳಬೇಕು. ಮಥುರಾಬಾಯಿಯವರ ಬಂಬದ ಕಥೆ ಕೇಳಿ ನಿನ್ನೆ ಅವರು ಬಹಳ ಹೊತ್ತು ಗಡ್ಡ ತುರಿಸಿಕೊಂಡರು.

"ಹೊರಗ ಕಾಯ್ತದಂದ್ರ ಬಂಬಕ್ಕ ಏನೂ ಆಗಿಲ್ಲ. ಜಾಗಾ ನೋಡು."

"ಜಾಗಾ ಹ್ಯಾಂಗ ನೋಡ್ಲಿ? ಒಳಗ ಯಾರು ಕರೀತಾರ?"

ಆ ಮನೆಯಲ್ಲಿ ಬಚ್ಚಲಿಗೆ ಹೋಗಬೇಕೆಂದರೆ ಅಡುಗೆಮನೆ ದಾಟಬೇಕು. ಇಪ್ಪತ್ತು ವರ್ಷದಿಂದ ಪ್ಯಾರಿಬಿ ಹೋಗಿ ಬರುತ್ತಿರುವುದು ಹಿತ್ತಲಿಗೆ. ಚಹಾ ಬರುವುದೂ ಹಿತ್ತಲಿಗೇ. ಒಳಗೆ ಬರಬೇಡ ಎಂದು ಯಾರೂ ಹೇಳಿದ್ದಿಲ್ಲ. ಬಾ ಎಂದೂ ಯಾರೂ ಹೇಳಿದ್ದಿಲ್ಲ.

ಹಾಗಾಗಿ ಇವತ್ತೂ ಅದೇ ಹಿತ್ತಲು, ಅದೇ ಕುದಿಯುವ ಬಂಬ. ವಾಮನ ಬೇಸರದಿಂದ ತಾಯಿಗೆ ಹೇಳುತ್ತಾನೆ: "ಅವ್ವಾ, ಈ ತಣ್ಣೀರಿನ ಜಳಕ ಸಾಕು ಮಾಡು. ನಿನ್ನಿನೂ ಸುಲಭಾಗ ತೆಲಿ ತಿರುಗಿತ್ತು."

ಕೆಂಡ ಕೆದಕುತ್ತಿದ್ದ ಪ್ಯಾರಿಬಿಯ ಕೈ ಅಲ್ಲೇ ನಿಲ್ಲುತ್ತದೆ.

"ತೆಲಿ ತಿರುಗಿತ್ತಾ? ಮಲಗಿದಾಗೋ, ಜಳಕಕ್ಕ ಕೂತಾಗೋ?"

"ಜಳಕಕ್ಕ ಕೂತಾಗ. ನಿಶ್ಶಕ್ತಿ ಇರ್ತದಲ್ಲ," ಎನ್ನುತ್ತಾರೆ ಮಥುರಾಬಾಯಿ.

"ಕೂಸಿಗೆ ಎಲ್ಲಿ ಎರೀತೀರಿ?"

"ಅಲ್ಲೇ."

ಪ್ಯಾರಿಬಿ ಎದ್ದು ನಿಲ್ಲುತ್ತಾರೆ. ಮುಖದ ನಗು ಪೂರಾ ಇಳಿದಿದೆ. "ಅವ್ವಾರ, ನಾ ಒಳಗ ಬರಬೇಕ್ರಿ."

ಮಥುರಾಬಾಯಿ ಉಟ್ಟಿರುವುದು ಮಡಿ ಸೀರೆ. ಅವರು ಒಮ್ಮೆ ಅಡುಗೆಮನೆಯ ಕಡೆ ನೋಡುತ್ತಾರೆ, ಒಮ್ಮೆ ಪ್ಯಾರಿಬಿಯ ಕಡೆ. ಒಳಗಿಂದ ಕೂಸಿನ ಸಣ್ಣ ದನಿ ಕೇಳುತ್ತದೆ, ಅಳಲೂ ಬಲವಿಲ್ಲದಂಥ ದನಿ. ಅಜ್ಜಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ.

"ಕಾಲು ತೊಳಕೊಂಡು ಬಾರಬೇ, ಲಗು ಬಾ."

ಬಚ್ಚಲಮನೆಗೆ ಕಾಲಿಟ್ಟ ಪ್ಯಾರಿಬಿಗೆ ಬಂಬದ ಜಾಗ ನೋಡುವ ಅಗತ್ಯವೇ ಬೀಳುವುದಿಲ್ಲ. ಮೇಲಿನ ಹೊಗೆಕಿಂಡಿಗೆ ಗೋಣಿಚೀಲ ತುರುಕಿದೆ. ಕಿಟಕಿಗೆ ಮಡಿಚಿದ ಕೌದಿ ಹೊಡೆದಿದೆ. ನೀರು ಹೋಗುವ ಬಚ್ಚಲ ತೂತಿಗೂ ಅರಿವೆಯ ಮುದ್ದೆ. ಇರುವೆ ಉಸಿರಾಡಲೂ ಸಂದಿಲ್ಲ.

"ಬೆಂಕಿಗೂ ಉಸುರು ಬೇಕಲ್ರೀ ಅವ್ವಾರ," ಎನ್ನುತ್ತಾ ಅವರು ಗೋಣಿ ಎಳೆದು ಬಿಸಾಡುತ್ತಾರೆ. "ಗಾಳಿ ಇಲ್ದ ಇದ್ದಲಿ ಉರಿಯಂಗಿಲ್ಲ, ಬರೇ ಕಮರ್ತದ. ಅದಕ್ಕೇ ನೀರು ಕಾಯವೊಲ್ದು. ನೀರಿನ ಮಾತು ಬಿಡ್ರಿ. ಕಮರಿದ ಇದ್ದಲಿಯ ವಿಷ ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ತಿಳಿಯಂಗಿಲ್ಲ. ತೆಲಿ ತಿರುಗ್ತದ, ಹಂಗೇ ನಿದ್ದಿ ಬರ್ತದ. ಆಳಂದದಾಗ ಒಂದು ಮನ್ಯಾಗ ನಾನು ಹೋಗೋದು ತಡಾ ಆಗಿತ್ತರಿ."

ಮಥುರಾಬಾಯಿ ಬಚ್ಚಲ ಹೊಸ್ತಿಲಲ್ಲೇ ಕೂತುಬಿಡುತ್ತಾರೆ.

"ಥಂಡಿ ಗಾಳಿ ತಾಗಬಾರದಂತ ನಾನೇ ಮುಚ್ಚಿದೆ. ಸಂದು ಸಂದು ಹುಡುಕಿ ಮುಚ್ಚಿದೆ. ನನ್ನ ಕೈಲೇ ನನ್ನ ಮಗಳಿಗೆ, ಕೂಸಿಗೆ..."

ಪ್ಯಾರಿಬಿ ಪಕ್ಕದಲ್ಲಿ ಕೂತು ಅವರ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ಅಳಬ್ಯಾಡ್ರಿ. ಮಾಯಾ ಮಮತಾ ಇತ್ತು, ಮುಚ್ಚಿದ್ರಿ. ನನ್ನ ಮಗಳ ಬಾಣಂತನದಾಗ ನಾನೂ ಹಿಂಗೇ ಮುಚ್ಚಾಕ ಹೋಗಿದ್ದೆ, ನಮ್ಮ ಮನಿ ಸಾಹೇಬ್ರು ಬೈದು ತಗಿಸಿದ್ರು." ಮಡಿಯ ನೆನಪು ಆ ಹೊತ್ತಿನಲ್ಲಿ ಇಬ್ಬರಿಗೂ ಬರುವುದಿಲ್ಲ.

ಆಮೇಲೆ ಪ್ಯಾರಿಬಿಯದೇ ಕಾರುಬಾರು. ಕಿಂಡಿಯೂ ಕಿಟಕಿಯೂ ತೆರೆಯುತ್ತವೆ. ಬಂಬ ತನ್ನ ಜಾಗಕ್ಕೆ ಬಂದು ಕೂಡುತ್ತದೆ. ಇದ್ದಲನ್ನು ಹಿತ್ತಲಲ್ಲೇ ಕೆಂಪಗೆ ಮಾಡಿ ತಂದು ಸುರಿಯುತ್ತಾರೆ. ನೀರು ಕಾದ ಮೇಲೆ ಕೆಂಡವನ್ನೆಲ್ಲ ಹೊರಗೆ ತೆಗೆಸಿ, ಗಾಳಿ ನೇರವಾಗಿ ಬೀಸದ ಹಾಗೆ ಬಾಗಿಲಿಗೊಂದು ಕೌದಿ ಇಳಿಬಿಟ್ಟು, ಆಮೇಲೆ ಬಾಣಂತಿಯನ್ನು ಕರೆಯುತ್ತಾರೆ. ನಳ ತಿರುಗಿಸಿದರೆ ಹಬೆಯಾಡುವ ನೀರು. ಬಂಬ ಬಚ್ಚಲಲ್ಲಿ ಕಾದಿದೆ!

ತಾಯಿ ಮಗಳ ಬೆನ್ನಿಗೆ ನೀರು ಎರೆಯುವಾಗ ಪ್ಯಾರಿಬಿ ಕೌದಿಯ ಈಚೆ, ಅಡುಗೆಮನೆಯ ನೆಲದ ಮೇಲೆ ಕೂತು ಕಿವಿಗೊಟ್ಟಿದ್ದಾರೆ. ನಿಮಿಷಕ್ಕೊಮ್ಮೆ ಕೂಗಿ ಕೇಳುತ್ತಾರೆ: "ಬೇಟಿ, ತೆಲಿ ಹ್ಯಾಂಗ ಅದ?"

"ಏನಿಲ್ರಿ ಚಾಚಿ, ಛಲೋ ಅದ," ಎಂದು ಒಳಗಿನಿಂದ ಸುಲಭಾ.

ಮೂರು ಸಲ ಕೇಳಿ ಮೂರು ಸಲವೂ ಅದೇ ಉತ್ತರ ಬಂದ ಮೇಲೆ ಅವರು ಗೋಡೆಗೆ ಒರಗುತ್ತಾರೆ. ಕೊನೆಗೆ ಕೂಸಿನ ಸರದಿ. ಮೊದಲ ತಂಬಿಗೆ ಮೈಮೇಲೆ ಬಿದ್ದದ್ದೇ ಓಣಿಗೆಲ್ಲ ಕೇಳುವಂತೆ ಅದು ಕಿರುಚುತ್ತದೆ. ಅಷ್ಟು ಜೋರಾಗಿ ಹುಟ್ಟಿದ ದಿನವೂ ಅತ್ತಿರಲಿಲ್ಲವಂತೆ. ಪ್ಯಾರಿಬಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಾರೆ.

ಬಿಸಿಲು ಬಿದ್ದಿದೆ. ಜೇವರ್ಗಿಯಲ್ಲಿ ಎರಡು ಬಂಬ ರಿಪೇರಿಗೆ ಕಾದು ಕೂತಿವೆ, ಹೊರಡಬೇಕು. ಚೀಲ ಕಟ್ಟುತ್ತಿರುವವರನ್ನು ಮಥುರಾಬಾಯಿ ತಡೆದು, ಏನು ಬೇಕು ಕೇಳು ಎಂದು ಹಟ ಹಿಡಿಯುತ್ತಾರೆ. ಪ್ಯಾರಿಬಿ ಬೇಡ ಬೇಡ ಎನ್ನುತ್ತಾ ಹಿತ್ತಲ ಬಾಗಿಲವರೆಗೆ ಹೋಗಿ, ಅಲ್ಲಿ ತಿರುಗಿ ನಿಲ್ಲುತ್ತಾರೆ.

"ಒಂದ ಆಸೆ ಅದರಿ ಅವ್ವಾರ. ನಿಮ್ಮ ಒಬ್ಬರ ಮನಿ ಮಾತಲ್ಲ. ಇನ್ನ ಮ್ಯಾಲ ಯಾರೂ ಬಂಬ ಹೊತ್ತು ಹೊರಗ ತರಬಾರದರಿ. ಅದು ಭಾಳ ಒಜ್ಜಿ ಅದ, ಎತ್ತಾಕ ಇಬ್ಬರು ಬೇಕು. ನಾ ಹಗರ ಅದೀನಿ, ನನ್ನೇ ಒಳಗ ಕರೀರಿ."