ವೆಂಟಿಲೇಟರಿಗೆ ತುರುಕಿದ ಹಳೆಯ ಸೀರೆ

ನಮ್ಮ ಬಚ್ಚಲುಮನೆಗೆ ಗ್ಯಾಸ್ ಗೀಸರ್ ಬಂದದ್ದು ಮಗಳ ಬಾಣಂತನಕ್ಕೆಂದು. ಅಲ್ಲಿಯವರೆಗೆ ಕಡೂರಿನ ಈ ಮನೆಯಲ್ಲಿ ತಾಮ್ರದ ಹಂಡೆಯೇ ಇತ್ತು. ತೆಂಗಿನ ಗರಿ, ಮಟ್ಟೆ ತುರುಕಿ ಊದಿ ಊದಿ ನನ್ನ ಕಣ್ಣು ಕೆಂಪಾಗುತ್ತಿತ್ತು. ಗೀಸರ್ ಕೂರಿಸಲು ತರೀಕೆರೆಯಿಂದ ಮೀಸೆ ನರೆತ ಒಬ್ಬ ಮೆಕ್ಯಾನಿಕ್ ಬಂದ. ಗೋಡೆಗೆ ಡ್ರಿಲ್ ಹಾಕುತ್ತಾ, "ಇನ್ಮೇಲೆ ಹೊಗೆ ಅನ್ನೋದೇ ಇಲ್ಲ ಕಣಮ್ಮ. ನಲ್ಲಿ ತಿರುಗ್ಸಿದ್ರೆ ಬಿಸಿನೀರು" ಎಂದ. ನಾನು ಆ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಅವನ ಕೈಗೆ ಕಾಫಿ ಕೊಟ್ಟೆ. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಕವರನ್ನೂ ತೆಗೆಯದೆ ದೇವರ ಗೂಡಿನ ಪಕ್ಕದಲ್ಲಿಟ್ಟೆ.

ಬಾಣಂತಿಯ ಸ್ನಾನವೆಂದರೆ ಎರಡು ಚೊಂಬು ಸುರಿದುಕೊಂಡು ಬರುವುದಲ್ಲ. ಎಣ್ಣೆ ಇಳಿಯುವತನಕ, ಮೈ ಕೆಂಪೇರುವತನಕ ನೀರು ಹಾಕಬೇಕು. ಅದಕ್ಕೆಂದೇ ಯಗಟಿಯಿಂದ ಒಬ್ಬ ಅಜ್ಜಿಯನ್ನು ಕರೆಸಿದ್ದೆ. ಎಷ್ಟೋ ಬಾಣಂತಿಯರಿಗೆ ನೀರು ಹಾಕಿದ ಕೈ. ಆಕೆಯ ಮೊದಲ ಅಪ್ಪಣೆಯೇ, "ಮೇಲಿನ ಆ ಗೂಡು ಮುಚ್ಚೇ, ಗಾಳಿ ನುಗ್ತೈತೆ. ಥಂಡಿ ಹಿಡಿದ್ರೆ ಜನ್ಮಕ್ಕೆ ಬಿಡಲ್ಲ." ನನ್ನ ಹಳೆಯ ನೂಲಿನ ಸೀರೆಯನ್ನು ಮಡಿಸಿ ವೆಂಟಿಲೇಟರಿಗೆ ಗಿಡಿದೆ. ಬಾಗಿಲ ಸಂದಿಗೆ ಗೋಣಿಚೀಲ ಹಾಸಿದೆ. ನನ್ನ ಅಮ್ಮನೂ ನನಗೆ ಹೀಗೆಯೇ ಮಾಡಿದ್ದಳು. ಆದರೆ ಅವಳ ಕಾಲದಲ್ಲಿ ನೀರು ಹಿತ್ತಲಲ್ಲಿ ಕಾಯುತ್ತಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಎರಡನೇ ತಿಂಗಳಿಗೇ ಗೀಸರಿನ ಒಳಗೆ ಸುಣ್ಣದಂಥದ್ದು ಕಟ್ಟಿ ನೀರು ಉಗುರುಬೆಚ್ಚಗೆ ತೊಟ್ಟಿಕ್ಕತೊಡಗಿತು. ಅದೇ ಮೆಕ್ಯಾನಿಕ್ ಸರ್ವಿಸಿಗೆ ಬಂದ. ಒಳಗೆ ಕತ್ತಲೆಂದು ಸ್ಟೂಲು ಹತ್ತಿ ಸೀರೆ ಎಳೆದು ಕೆಳಗಿಟ್ಟ. ಆ ಬೆಳಕಿನಲ್ಲಿ ಪೆಟ್ಟಿಗೆ ಬಿಚ್ಚಿ, ಬಿಳಿ ಹಕ್ಕಳೆಯನ್ನೆಲ್ಲ ತೆಗೆದು, ಸೆಲ್ಲು ಬದಲಿಸಿ ಹಚ್ಚಿ ತೋರಿಸಿದ. ನೀರು ಕುದಿಕುದಿ ಬಂತು. ಆಮೇಲೆ ಅದೇ ಸೀರೆಯನ್ನು ಅಚ್ಚುಕಟ್ಟಾಗಿ ಮಡಿಸಿ ಮತ್ತೆ ಅಲ್ಲೇ ತುರುಕಿದ.

"ಬಾಣಂತಿ ಮನೆ. ಥಂಡಿ ಬರ್ಬಾರ್ದಲ್ವಾ ಅಮ್ಮ" ಎಂದ.

ಎಂಥ ಸಂಸ್ಕಾರವಂತ ಎಂದು ಮನಸ್ಸಿನಲ್ಲೇ ಹರಸಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾರನೆಯ ದಿನದ ಸ್ನಾನ. ಮಗುವಿಗೆ ಮೊದಲು ನೀರು ಹಾಕಿ ಅಜ್ಜಿ ನನ್ನ ಕೈಗೆ ಕೊಟ್ಟಿದ್ದಳು. ಕಂಬಳಿಯಲ್ಲಿ ಸುತ್ತಿ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದೆ. ಒಳಗಿನಿಂದ ಕೂಗು ಬಂತು. "ಲೇ, ಬಾರೇ ಇಲ್ಲಿ! ಮಗಳು ವಾಲ್ಬಿಟ್ಳು!"

ಮಗುವನ್ನು ಚಾಪೆಯ ಮೇಲೆ ಮಲಗಿಸಿ ಓಡಿದೆ. ಬಾಗಿಲು ನೀರು ಕುಡಿದು ಉಬ್ಬಿ ಚಿಲಕ ಕೂರುತ್ತಿರಲಿಲ್ಲ. ರಿಪೇರಿ ಮಾಡಿಸಿ ಎಂದು ಯಜಮಾನರನ್ನು ವರ್ಷದಿಂದ ಪೀಡಿಸುತ್ತಿದ್ದೆ. ಮಾಡಿಸದಿದ್ದದ್ದೇ ದೇವರ ದಯೆ. ಒಂದು ನೂಕಿಗೆ ತೆರೆಯಿತು. ಮಗಳನ್ನು ಎಳೆದು ಹಜಾರಕ್ಕೆ ತಂದೆವು. ತುಟಿಗೆ ಬಣ್ಣವಿಲ್ಲ, ಕರೆದರೆ ಕಣ್ಣು ಬಿಡಲಿಲ್ಲ.

ಪಕ್ಕದ ಮನೆಯಾಕೆ ಬಂದವಳೇ, "ದೃಷ್ಟಿ ಕಣ್ರೀ, ನಿನ್ನೆ ಯಾರ್ಯಾರೋ ಬಂದಿದ್ರಲ್ಲ" ಎಂದಳು. ನಾನೂ ಹೌದೆಂದುಕೊಂಡು ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿಂತೆ. ಬಾಗಿಲ ಚೌಕಟ್ಟು ಹಿಡಿದು ಕುಸಿದಿದ್ದ ಅಜ್ಜಿ ಗದರಿದಳು. "ಏಯ್, ಮೆಣಸಿನಕಾಯಿ ಕೆಳಗಿಡೇ! ಅವಳು ಬಾಣಂತಿ, ದೃಷ್ಟಿ ತಾಗೈತೆ ಅಂತೀಯ. ನಾನೂ ಬಾಣಂತಿಯೇನೇ? ನಂಗ್ಯಾಕೆ ತಲೆ ಗಿರ್ರಂತೈತೆ?"

ಕೈಯಲ್ಲಿದ್ದದ್ದನ್ನು ಅಲ್ಲೇ ಚೆಲ್ಲಿದೆ. ಯಜಮಾನರು ಆಟೋ ತಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದು ಒಂದೇ. "ನೀರು ಯಾವುದ್ರಲ್ಲಿ ಕಾಯ್ಸ್ತೀರಿ? ಅದು ಬಚ್ಚಲ ಒಳಗೈತಾ, ಹೊರಗಾ?" ಹೇಳಿದೆ. ಸೀರೆಯ ವಿಷಯವನ್ನೂ ಹೇಳಿದೆ. ಅವರು ತಲೆ ಚಚ್ಚಿಕೊಂಡರು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ವಿಷದ ಗಾಳಿ ತುಂಬುತ್ತದಂತೆ. ಇಷ್ಟು ದಿನ ಏನೂ ಆಗದಿದ್ದದ್ದೇ ಹೆಚ್ಚಂತೆ. ಅದಕ್ಕೆ ವಾಸನೆಯಿಲ್ಲ, ಕಣ್ಣೂ ಉರಿಯದು. ಹೊಗೆಯೇ ಇಲ್ಲವೆಂದು ನಾನು ಕುಂಕುಮ ಇಟ್ಟಿದ್ದೆ! ಹಂಡೆಯ ಹೊಗೆಯಾದರೂ ಕೆಮ್ಮಿಸಿ, ಅಳಿಸಿ ಹೊರಗಟ್ಟುತ್ತಿತ್ತು. ಮಗಳಿಗೂ ಅಜ್ಜಿಗೂ ಆಕ್ಸಿಜನ್ ಹಾಕಿದರು. ಸಂಜೆಗೆ ಮಗಳು, "ಪಾಪು ಹಾಲು ಕುಡೀತಾ?" ಎಂದು ಕೇಳಿದಾಗ ನನ್ನ ಮಂಗಳವಾರದ ಉಪವಾಸಗಳೆಲ್ಲ ಸಾರ್ಥಕವೆನಿಸಿತು. ಮಗುವಿನ ಸ್ನಾನ ಮೊದಲು ಮುಗಿದಿತ್ತು. ಚಿಲಕ ಕೂರುತ್ತಿರಲಿಲ್ಲ. ಅಜ್ಜಿಗೆ ಬಾಯಿ ಜೋರು. ಇಷ್ಟನ್ನೂ ಆ ದಿನ ದೇವರ ಲೆಕ್ಕಕ್ಕೆ ಬರೆದೆ.

ಆದರೆ ಮೆಕ್ಯಾನಿಕ್ಕನ್ನು ಬಿಡಲಿಲ್ಲ. "ಹೋಗ್ಲಿ ಬಿಡೇ, ದೇವರು ದೊಡ್ಡವನು" ಎಂದರು ಯಜಮಾನರು. "ದೇವರು ದೊಡ್ಡವನೇ. ಗೋಡೆಗೆ ಡ್ರಿಲ್ ಹಾಕಿದ್ದು ಅವನಲ್ಲ" ಎಂದೆ. ಫೋನು ಮಾಡಿಸಿ ಕರೆಸಿದೆ.

"ಬುಕ್ಕಲ್ಲಿ ಎಲ್ಲಾ ಬರ್ದೈತಲ್ಲಮ್ಮ" ಎಂದ.

ಗೂಡಿನ ಪಕ್ಕದಿಂದ ಪುಸ್ತಕ ತಂದು ಅವನ ಮುಂದಿಟ್ಟೆ. "ಓದಪ್ಪಾ."

ಎರಡು ಹಾಳೆ ತಿರುವಿದ. "ನಂಗೂ ಇಂಗ್ಲಿಷ್ ಅಷ್ಟಾಗಿ ಬರಲ್ಲ."

"ನಿಂಗೆ ಗೊತ್ತಿತ್ತೋ, ಇಲ್ವೋ?"

"ಗೊತ್ತಿತ್ತು. ಬಾಣಂತಿ ಮನೇಲಿ ಗಾಳಿ ಬಿಡ್ರಿ ಅಂತ ಹೆಂಗಸರಿಗೆ ಹೆಂಗಮ್ಮ ಹೇಳೋದು? ನೀವು ಬೈದ್ಬಿಡ್ತಿದ್ರಿ."

ನಿಜ, ಬೈಯುತ್ತಿದ್ದೆ. ಬೈಸಿಕೊಳ್ಳಬೇಕಿತ್ತು! ನನ್ನ ಮಗಳ ಪ್ರಾಣಕ್ಕಿಂತ ನನ್ನ ಬೈಗುಳ ಭಾರವಾಯಿತೇ ಅವನಿಗೆ?

ಪೆಟ್ಟಿಗೆಯನ್ನು ಅವನ ಕೈಯಿಂದಲೇ ಬಿಚ್ಚಿಸಿ, ಹಿತ್ತಲ ಗೋಡೆಯ ಹೊರಗೆ ಕೂರಿಸಿ, ಪೈಪು ಮಾತ್ರ ಒಳಗೆ ಬಿಡಿಸಿದೆ. ಅಷ್ಟರಲ್ಲಿ ನೆನಪಾಯಿತು. ಅಜ್ಜಂಪುರದಲ್ಲಿರುವ ನನ್ನ ಅಕ್ಕನ ಮನೆಗೂ ನಾನು ಹೇಳಿಯೇ ಇವನು ಹಾಕಿಕೊಟ್ಟಿದ್ದ. ಅಲ್ಲೂ ಸೊಸೆ ಬಾಣಂತಿ. ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. "ನೀನೇ ಹೇಳು."

ಅಕ್ಕನ ದನಿ ನನಗೂ ಕೇಳುತ್ತಿತ್ತು. "ಏನಪ್ಪಾ ನೀನು ಹೇಳೋದು! ಕಂಬಳಿ ತುರುಕಿ ಮುಚ್ಚಿದ್ದೀವಿ. ತೆಗೆದ್ರೆ ಥಂಡಿ ಆಗಲ್ವಾ?"

ಅವನು ನನ್ನ ಮುಖ ನೋಡಿದ. ನಾನು ಅವನ ಮೇಲಿನ ಕಣ್ಣು ಕೀಳಲಿಲ್ಲ.

"ಥಂಡಿ ಆದ್ರೆ ಕಷಾಯ ಕುಡಿಸ್ಬೋದು ಅಮ್ಮ. ಮುಚ್ಚಿದ್ರೆ ಜೀವ ಹೋಗ್ತದೆ. ನಾನು ಬಂದು ಹೊರಗೆ ಹಾಕೋವರೆಗೂ ಅದನ್ನ ಹಚ್ಚಬೇಡಿ."

ಇಷ್ಟೇ ಮಾತು. ಒಂದು ಉಸಿರಿನಲ್ಲಿ ಮುಗಿಯಿತು. ನನ್ನ ಸೀರೆಯನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದಾಗಲೇ ಇದನ್ನು ಹೇಳಬಹುದಿತ್ತು.