ನೀರಸ ದೋಸೆ ಮತ್ತು ‘ನೋಡುವ’

ಇವತ್ತು ಬೆಳಿಗ್ಗೆ ಚಹಾದ ಲೋಟ ಕೆಳಗಿಡುವ ಮೊದಲೇ ಬೆಳ್ತಂಗಡಿಯಿಂದ ಯಾರದೋ ಇಮೇಲ್ ಬಂತು: “ನಿಮ್ಮ ಕಾಗುಣಿತ ತಿದ್ದುವ ತಂತ್ರಾಂಶ ಪ್ರಯೋಜನ ಇಲ್ಲ. ಕೂಡಲೇ ಸರಿ ಮಾಡಿ.” ಸಿಟ್ಟು ಬರಬೇಕಿತ್ತು, ನಗು ಬಂತು. ಇಂಥದೇ ಕಾಗದವನ್ನು ಒಂದು ಕಾಲದಲ್ಲಿ ನಾನೇ ಬರೆದಿದ್ದೆ, ಇದಕ್ಕಿಂತ ಖಾರವಾಗಿ.

ಮೆಲ್ಕಾರಿನಲ್ಲಿ ನನ್ನದು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿಕೊಡುವ ಅಂಗಡಿ. ಫರಂಗಿಪೇಟೆಯ ಹೋಟೆಲೊಂದಕ್ಕೆ ತಿಂಡಿಪಟ್ಟಿ ಮಾಡಿಕೊಟ್ಟಿದ್ದೆ. ಇದೇ ತಂತ್ರಾಂಶ ‘ನೀರ್ ದೋಸೆ’ಯನ್ನು ತನ್ನಷ್ಟಕ್ಕೆ ‘ನೀರಸ ದೋಸೆ’ ಎಂದು ತಿದ್ದಿತ್ತು. ನಾನು ನೋಡದೆ ಅಚ್ಚು ಹಾಕಿಸಿದ್ದೆ. ಗಿರಾಕಿಗಳು “ಎರಡು ನೀರಸ ಕೊಡಿ” ಎನ್ನತೊಡಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೋಡದ ತಪ್ಪು ನನ್ನದು, ಬೈಗುಳ ಮಾತ್ರ ತಂತ್ರಾಂಶ ಮಾಡಿದವರಿಗೆ.

ಮಾಡಿದವರು ಮೂಡುಬಿದಿರೆಯ ಸುಮತಿ ಟೀಚರ್. ಶಾಲೆ ಮುಗಿಸಿ ಬಂದು ಬಿಡುವಿನಲ್ಲಿ ಮಾಡಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಪುಕ್ಕಟೆ ತೆರೆದಿಟ್ಟಿದ್ದರು. ನನ್ನ ಕಾಗದಕ್ಕೆ ಅವರ ಉತ್ತರ ಒಂದೇ ಪದ: “ನೋಡುವ.”

ನಮ್ಮ ಕಡೆ ‘ನೋಡುವ’ ಎಂದರೆ ‘ನೋಡೋಣ’, ಆದರೆ ‘ಆಗುವುದಿಲ್ಲ’ ಎನ್ನುವುದಕ್ಕೂ ಅದೇ ಮಾತು. ಹೆಣ್ಣು ಒಪ್ಪಿಗೆಯಾಗದವರು ಹೇಳಿಹೋಗುವುದೂ ಅದನ್ನೇ. ಎರಡು ವಾರ ಕಾದು, ತಿಂಡಿಪಟ್ಟಿ ಹಿಡಿದು ಬಸ್ಸು ಹತ್ತಿ, ಜಗಳಕ್ಕೆಂದು ಅವರ ಮನೆಗೇ ಹೋದೆ.

ಟೀಚರ್ ಪಟ್ಟಿ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೇಳಿದರು, “ಇದನ್ನು ನಿಲ್ಲಿಸಿಯೇ ಬಿಡ್ತೇನೆ ಅಂತ ಇದ್ದೆ ಮಾರಾಯ್ರೆ. ಬೈಯುವವರು ಬೇಕಾದಷ್ಟಿದ್ದಾರೆ. ಎಲ್ಲಿ ತಪ್ಪು ಉಂಟು ಅಂತ ತೋರಿಸುವವರಿಲ್ಲ.”

“ನೀವು ನೋಡುವ ಅಂತ ಹೇಳಿ ಸುಮ್ಮನಾದ್ರಲ್ಲ?” ಎಂದೆ.

“ನೋಡ್ತೇನೆ ಅಂತ ಬರೆದದ್ದಾ ನಾನು? ನೋಡುವ ಅಂದ್ರೆ ನಾವಿಬ್ರೂ. ಯಾವ ಪದ ಅಂತ ನೀವು ಬರೀತೀರಿ ಅಂತ ಕಾಯ್ತಾ ಇದ್ದೆ.”

ನನಗೆ ನಾಚಿಕೆಯಾಯಿತು. ಅವರ ಜಗಲಿಯಲ್ಲೇ ಕೂತು ನೀರ್ ದೋಸೆ, ಪುಂಡಿ, ಪತ್ರೊಡೆ, ಗೋಳಿಬಜೆ ಎಂದು ನಮ್ಮೂರಿನ ತಿಂಡಿಗಳನ್ನೆಲ್ಲ ಬರೆದುಕೊಟ್ಟೆ. ಟೀಚರ್ ಒಂದೊಂದನ್ನೇ ಸೇರಿಸಿದರು. ಬರೆದು ಬರೆದು ಹಸಿವಾಯಿತು ಎಂದದ್ದಕ್ಕೆ ದೋಸೆಯನ್ನೂ ಹೊಯ್ದರು, ಅದು ನೀರಸವಾಗಿರಲಿಲ್ಲ. ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ. ಸಹಾಯ ಮಾಡಿದವರ ಸಾಲಿನಲ್ಲಿ ನನ್ನ ಹೆಸರು ಹಾಕಿದರು, ತಂತ್ರಾಂಶ ಅದರಡಿಗೆ ಕೆಂಪು ಗೆರೆ ಎಳೆಯಿತು. ಆದರೂ ಅಷ್ಟು ಖುಷಿ ನನಗೆ ಮದುವೆಯ ಕಾಗದದಲ್ಲಿ ನನ್ನ ಹೆಸರು ನೋಡಿದಾಗಲೂ ಆಗಿರಲಿಲ್ಲ. ಬಂದ ಕಾಗದಗಳಿಗೆ ಉತ್ತರಿಸುವ ಕೆಲಸ ಅಂದಿನಿಂದ ನನ್ನದು.

ಬೆಳ್ತಂಗಡಿಯವರಿಗೆ ‘ನೋಡುವ’ ಎಂದು ಬರೆದೆ. ಅವರೂ ನಮ್ಮ ಕಡೆಯವರೇ, ಏನು ತಿಳಿದುಕೊಳ್ಳುತ್ತಾರೋ ಎಂದು ಹೆದರಿ ಇನ್ನೆರಡು ಸಾಲು ಸೇರಿಸಿದೆ: “ಯಾವ ಪದ ಅಂತ ತೋರಿಸಿ. ಬರುವುದಾದರೆ ಮೆಲ್ಕಾರಿಗೇ ಬನ್ನಿ, ದೋಸೆ ಉಂಟು.”